ಕೆಂಚಿ ಬಚ್ಚಿಟ್ಟ ಕಾಯಿಗಳು

ಹಳ್ಳದಂಚಿನ ಕಾಡೊಂದರಲ್ಲಿ ಕೆಂಚಿ ಎಂಬ ಅಳಿಲು ಇತ್ತು. ಅದು ಹುಟ್ಟಿದ್ದು ಕಾಯಿ ಬಿಡದ ಬೋಳುಮರದಲ್ಲಿ. ಅಮ್ಮ ತೊಗಟೆ ಕೆರೆದು ತಂದು ತಿನ್ನಿಸುತ್ತಿತ್ತು. ಕೊನೆಗೆ ಅದೂ ಸಿಗಲಿಲ್ಲ. ಕೆಂಚಿಯ ಪುಟ್ಟ ತಮ್ಮ ಹಸಿವಿನಿಂದಲೇ ಸತ್ತುಹೋಯಿತು.

ಈಗ ಕೆಂಚಿಗೆ ಯಾವ ಕೊರತೆಯೂ ಇರಲಿಲ್ಲ. ದೊಡ್ಡ ಬಾದಾಮಿ ಮರ, ಒಳ್ಳೆಯ ಗಂಡ ಬೋಡ, ಆಗಷ್ಟೇ ಕಣ್ಣು ಬಿಟ್ಟ ಎರಡು ಮರಿಗಳು. ಆದರೂ ಒಂದು ಕಾಯಿ ತಿಂದರೆ ನಾಲ್ಕನ್ನು ಹೊತ್ತೊಯ್ದು ಬಚ್ಚಿಡುತ್ತಿತ್ತು. ಹಳ್ಳದಾಚೆಯ ಕಲ್ಲುಸಂದಿ ತುಂಬಿದರೂ ಅದಕ್ಕೆ ನೆಮ್ಮದಿಯಿಲ್ಲ.

"ಮರದ ತುಂಬ ಕಾಯಿ ಇದೆಯಲ್ಲೇ. ಮಕ್ಕಳ ಜೊತೆ ಒಂದು ಗಳಿಗೆ ಕೂತ್ಕೋ" ಎನ್ನುತ್ತಿತ್ತು ಬೋಡ.

"ನಿಮಗೇನು ಗೊತ್ತು? ನೀವು ಹಸಿದವರಲ್ಲ" ಎಂದು ಕೆಂಚಿ ಮತ್ತೆ ಓಡುತ್ತಿತ್ತು.

ಇದನ್ನೆಲ್ಲ ಪೊದೆಯೊಳಗಿಂದ ಒಂದು ಕಾಡುಬೆಕ್ಕು ನೋಡುತ್ತಿತ್ತು. ಅದರ ಕಣ್ಣು ಮರಿಗಳ ಮೇಲೆ. ಒಂದು ದಿನ ಬೋಡ ಗೂಡಿಗೆ ನಾರು ತರಲು ಹೋದದ್ದೇ ತಡ, ಬೆಕ್ಕು ಮರದಡಿ ಬಂದು ನಿಂತಿತು.

"ಅಯ್ಯೋ ಕೆಂಚವ್ವ! ನಿನ್ನ ಕಲ್ಲುಸಂದಿಗೆ ಹೆಗ್ಗಣಗಳು ನುಗ್ತಾ ಇವೆ. ಬೇಗ ಹೋಗು, ಒಂದೂ ಉಳಿಯಲ್ಲ!"

ಕೆಂಚಿ ಹಿಂದೆಮುಂದೆ ನೋಡದೆ ಓಡಿತು. ಕೊಂಬೆಯಿಂದ ಕೊಂಬೆಗೆ ಹಾರಿ, ಹಳ್ಳ ದಾಟಿ, ಏದುಸಿರು ಬಿಡುತ್ತ ಕಲ್ಲುಸಂದಿ ಮುಟ್ಟಿತು. ಕಾಯಿಗಳೆಲ್ಲ ಇದ್ದ ಹಾಗೇ ಇದ್ದವು. ಹಸಿಮಣ್ಣಿನಲ್ಲಿ ಒಂದು ಹೆಗ್ಗಣದ ಹೆಜ್ಜೆಯೂ ಇರಲಿಲ್ಲ.

'ಅಬ್ಬ' ಎಂದುಕೊಂಡ ಕೆಂಚಿಗೆ ಮರುಕ್ಷಣವೇ ಅನುಮಾನ ಬಂತು. ಈ ಜಾಗ ಬೆಕ್ಕಿಗೆ ಹೇಗೆ ಗೊತ್ತು? ಸುಳ್ಳು ಹೇಳಿ ನನ್ನನ್ನು ಇಲ್ಲಿಗೇಕೆ ಕಳಿಸಿತು?

"ನನ್ನ ಮಕ್ಕಳು!"

ಬಂದ ದಾರಿಯಲ್ಲೇ ಹಾರಿತು. ಬೆಕ್ಕು ಆಗಲೇ ಮರ ಹತ್ತಿ ಗೂಡಿದ್ದ ಪೊಟರೆಗೆ ಪಂಜ ತೂರಿಸಿತ್ತು. ಮರಿಗಳು ಮೂಲೆಗೆ ಒತ್ತಿಕೊಂಡು ಕಿರುಚುತ್ತಿದ್ದವು. ಕೆಂಚಿ ಬೆಕ್ಕಿನ ಬಾಲವನ್ನು ಕಚ್ಚಿ ಎಳೆಯಿತು. ಬೆಕ್ಕು ಗುರ್ರೆಂದು ತಿರುಗಿತು.

"ಬಾ, ನಾನೇ ಸಿಗ್ತೀನಿ!" ಎನ್ನುತ್ತ ಕೆಂಚಿ ಹಳ್ಳದ ಮೇಲೆ ಚಾಚಿದ್ದ ಒಣಕೊಂಬೆಯ ತುದಿಗೆ ಓಡಿತು. ಸಿಟ್ಟಿನಲ್ಲಿ ಬೆಕ್ಕು ಹಿಂದೆಯೇ ನೆಗೆಯಿತು. ಲಟಕ್ಕನೆ ಕೊಂಬೆ ಮುರಿಯಿತು! ಕೆಂಚಿ ಪಕ್ಕದ ಹಸಿಕೊಂಬೆಗೆ ಹಾರಿಕೊಂಡಿತು. ಬೆಕ್ಕು ಹಳ್ಳದ ಬಂಡೆಯ ಮೇಲೆ ಬಿದ್ದು ಕಾಲು ಮುರಿದುಕೊಂಡಿತು. ತೆವಳುತ್ತ ಆ ಕಾಡನ್ನೇ ಬಿಟ್ಟುಹೋಯಿತು.

ಬೋಡ ಬಂದಾಗ ಕೆಂಚಿ ಮರಿಗಳನ್ನು ಅಪ್ಪಿಕೊಂಡು ಕೂತಿತ್ತು. "ಕಾಯಿ ಉಳಿಸೋಕೆ ಹೋಗಿ ಇವನ್ನೇ ಕಳ್ಕೊಳ್ತಿದ್ದೆ" ಎಂದು ಬಿಕ್ಕಿತು. ಸತ್ತ ತಮ್ಮನ ವಿಷಯವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿತು.

ಬೋಡ ಹತ್ತಿರ ಸರಿದು ಕೂತಿತು. "ಬೇಕಾದಷ್ಟನ್ನು ಇಬ್ಬರೂ ಸೇರಿ ಕೂಡಿಡೋಣ. ಭಯ ಆದಾಗ ಓಡಬೇಡ, ನನಗೆ ಹೇಳು."

ಆ ಭಯ ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಅಂದು ಸಂಜೆ, ಮರಿಗಳು ಮಡಿಲಲ್ಲಿ ನಿದ್ದೆಹೋಗುವ ತನಕ ಕೆಂಚಿ ಕೂತಲ್ಲಿಂದ ಏಳಲಿಲ್ಲ.

ನೀತಿ: ಬಾಲ್ಯದ ಬಡತನ ತಂದ ಭಯ ಹೊಟ್ಟೆ ತುಂಬಿದ ಮೇಲೂ ಬಿಡುವುದಿಲ್ಲ, ಅದನ್ನು ನಮ್ಮವರೊಡನೆ ಹೇಳಿಕೊಳ್ಳಬೇಕು, ಇಲ್ಲವಾದರೆ ಕಪಟಿಗಳು ಅದನ್ನೇ ಬಳಸಿಕೊಂಡು ನಮ್ಮ ಇಂದಿನ ಸುಖವನ್ನು ಕಸಿಯುತ್ತಾರೆ.