ನ್ಯಾನೋ ಸತುವಿನ ಬೋರ್ಡು

ಬೀಜ-ಗೊಬ್ಬರದ ಕಂಪನಿಯ ಸಾಹೇಬರು ಊರಿಗೆ ಬಂದು ಅಪ್ಪಣೆ ಹೊರಡಿಸಿದರು. ಇನ್ನು ಮೇಲೆ ಬೀಜ ಬೇಕಾದವರು ಜೊತೆಗೆ ಎಲೆಗೆ ಸಿಂಪಡಿಸುವ ನ್ಯಾನೋ ಸತುವಿನ ಬಾಟಲಿಯನ್ನೂ ಕೊಳ್ಳಲೇಬೇಕು. ಸಾಕ್ಷಿ ಬೇಕೇ? ಕೆಂಚವ್ವನ ಮೆಕ್ಕೆಜೋಳ ನೋಡಿ. ತಿಂಗಳ ಹಿಂದೆ ಅವಳಿಗೊಂದು ಬಾಟಲಿ ಪುಕ್ಕಟೆ ಕೊಟ್ಟಿದ್ದರಲ್ಲ!

ಊರಿಗೆ ಊರೇ ಅವಳ ಹೊಲದಲ್ಲಿ ಸೇರಿತು.

"ನಮ್ಮ ಔಷಧದ ಮಹಿಮೆ ಹೇಳಮ್ಮ. ಹೇಳದಿದ್ದರೆ ನಿನಗೂ ಬೀಜ ಇಲ್ಲ," ಅಂದರು ಸಾಹೇಬರು.

"ನಾ ಸಾಲಿ ಕಲಿಯದಾಕಿ, ಏನ್ ಹೇಳ್ಲಿರಿ? ತಿಳಿದವರು ನೀವು. ಔಷಧ ಬಿದ್ದದ್ದು ಎಲ್ಲಿ ಅಂತ ನೀವ ತೋರಿಸ್ರಿ," ಅಂದಳು ಕೆಂಚವ್ವ.

"ಇದನ್ನೂ ತೋರಿಸಬೇಕೇ!" ಸಾಹೇಬರು ನೇರ ಮೂಡಣ ಮೂಲೆಗೆ ನಡೆದರು. ಅಲ್ಲಿ ಪೈರು ಕಡುಹಸಿರಾಗಿ ಆಳೆತ್ತರ ನಿಂತಿತ್ತು. ಅಲ್ಲೇ ಕಂಪನಿಯ ಬೋರ್ಡು ನೆಡಿಸಿದರು, ಫೋಟೋ ತೆಗೆಸಿಕೊಂಡರು, ಅರ್ಧ ಗಂಟೆ ಭಾಷಣ ಬಿಗಿದರು. "ನಮ್ಮ ಕಣ ಎಷ್ಟು ಸಣ್ಣದೆಂದರೆ, ಎಲೆಗೇ ಗೊತ್ತಾಗದ ಹಾಗೆ ಒಳಗೆ ನುಗ್ಗುತ್ತೆ!"

ಕೆಂಚವ್ವ ಭಕ್ತಿಯಿಂದ ಕೇಳಿದಳು. ಆಮೇಲೆ ಸೆರಗಿನ ಮರೆಯಿಂದ ಬಾಟಲಿ ತೆಗೆದಳು. ಸೀಲು ಒಡೆದಿರಲಿಲ್ಲ.

"ಖರೇ ಐತ್ರಿ ಸಾಹೇಬ್ರ, ಭಾಳ ಸಣ್ಣದು. ಮುಚ್ಚಳಾ ತಗೀದಂಗನ ಹೊರಗ ಬಂದೈತಿ! ಬಿತ್ತೂಕಿಂತ ಮೊದಲ ಆ ಮೂಲ್ಯಾಗ ಎಂಟು ದಿನ ಕುರಿ ಹಿಂಡು ನಿಲ್ಲಿಸಿದ್ದೆ. ನಾ ದಡ್ಡಿ, ಕುರಿ ಹಿಕ್ಕಿಯಿಂದ ಬೆಳೀತು ಅಂದ್ಕೊಂಡಿದ್ದೆ."

ಊರು ಬಿದ್ದು ಬಿದ್ದು ನಕ್ಕಿತು. ಸಾಹೇಬರು ಫೋಟೋದವನ ಮೇಲೆ ರೇಗಿದರು, ಬಿಸಿಲಿನ ಮೇಲೆ ರೇಗಿದರು, ಜೀಪು ಹತ್ತಿದರು. ಬೀಜದ ಜೊತೆ ಬಾಟಲಿ ಅನ್ನುವ ಮಾತು ಮತ್ತೆ ಎತ್ತಲಿಲ್ಲ.

ಬೋರ್ಡು ಮಾತ್ರ ಅಲ್ಲೇ ಉಳಿಯಿತು. ಸುಗ್ಗಿ ಮುಗಿದ ಮೇಲೆ ಕುರುಬರು ಬಂದು ಅದರ ಕಂಬಕ್ಕೆ ಟಗರು ಕಟ್ಟಿದರು. ಬೋರ್ಡಿನ ಕೆಳಗೆ ಈಗ ಸರಿಯಾದ ಆಸಾಮಿ ನಿಂತಿದ್ದ.