ದುರುಗಿಯ ಎದೆಯ ಒಂಬತ್ತು ಬೊಟ್ಟು

ಮಕ್ಕಳೇ, ಕಾಡಿನಲ್ಲಿ ಒಂದು ಹಾಲುಮಡ್ಡಿ ಮರವಿತ್ತು. ಊದುಬತ್ತಿಗೆ ಹಾಕುತ್ತಾರಲ್ಲ, ಆ ಘಮಘಮಿಸುವ ಅಂಟು ಒಸರುವ ಮರ. ಅದರ ಬುಡದಲ್ಲಿ ಕಪ್ಪಿರುವೆಗಳ ಗೂಡು, ಸ್ವಲ್ಪ ಆಚೆಗೆ ಗೆದ್ದಲುಗಳ ಹುತ್ತ. ಇರುವೆಗಳು ಹುತ್ತದ ಮೇಲೆ ದಂಡೆತ್ತಿ ಹೋಗುವುದು, ಗೆದ್ದಲುಗಳು ಕಚ್ಚಿ ಓಡಿಸುವುದು, ಮುತ್ತಜ್ಜಿಯರ ಕಾಲದಿಂದ ನಡೆದಿತ್ತು. ಜಗಳ ಯಾಕೆ ಶುರುವಾಯಿತೆಂದು ಕೇಳಿದರೆ ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ.

ಈ ಇರುವೆಗಳಿಗೆ ಗಾಯವಾದರೆ ಎದೆಯಿಂದ ಒಂದು ಹುಳಿ ವಾಸನೆ ಹೊರಡುತ್ತಿತ್ತು. ವಾಸನೆ ಬಂದರೆ ಜೊತೆಯವರು ಹೊತ್ತು ತರುತ್ತಿದ್ದರು, ಬಾರದಿದ್ದರೆ ಇಲ್ಲ. ನಡೆಯಲು ಮೈಗಳ್ಳತನ ಮಾಡಿ "ಅಯ್ಯೋ ನನ್ನ ಕಾಲು" ಎನ್ನುವವರು ದಂಡಿನಲ್ಲೂ ಇರುತ್ತಾರಲ್ಲ, ಅದಕ್ಕೇ ಈ ಕಟ್ಟಳೆ.

ಗೂಡಿನ ಸಿಪಾಯಿಗಳಲ್ಲಿ ದುರುಗಿ ಒಬ್ಬಳು. ಒಂದು ಸಲ ಹುತ್ತದ ಗೋಡೆ ಕುಸಿದು ಒಂಬತ್ತು ಮಂದಿ ಒಳಗೆ ಸಿಕ್ಕಿಬಿದ್ದರು. ಹಿಂದೆ ಸರಿಯಿರಿ ಎಂದು ಅಪ್ಪಣೆಯಾಯಿತು, ಎಲ್ಲರೂ ಸರಿದರು. ದುರುಗಿ ಮಾತ್ರ ಒಳಗೆ ನುಗ್ಗಿ ಒಬ್ಬೊಬ್ಬಳನ್ನೇ ಕಚ್ಚಿ ಹೊರಗೆಳೆದಳು. ಕೊನೆಯವಳು ಸಿಂಗಿ.

"ನನ್ನನ್ನು ಬಿಟ್ಟು ಹೋಗಕ್ಕ, ನೀನೂ ಸಾಯ್ತೀಯ" ಎಂದಳು ಸಿಂಗಿ.

"ಬಾಯಿ ಮುಚ್ಚಿಕೊಂಡು ಬಾ" ಎಂದಳು ದುರುಗಿ.

ಗೂಡಿನಲ್ಲಿ ದೊಡ್ಡ ಸಮಾರಂಭ ನಡೆಯಿತು. ಹಿರಿಯಳಾದ ದೊಡ್ಡವ್ವ ಹಾಲುಮಡ್ಡಿಯ ಹಸಿ ಅಂಟು ತರಿಸಿದಳು. "ಒಂಬತ್ತು ಜೀವಕ್ಕೆ ಒಂಬತ್ತು ಬೊಟ್ಟು" ಎಂದು ದುರುಗಿಯ ಎದೆಗೆ ತಾನೇ ಹಚ್ಚಿದಳು. ಅಂಟು ಒಣಗಿ ಹೊಳೆಯಿತು.

"ಎದೆ ಬಿಗಿದ ಹಾಗಿದೆ ದೊಡ್ಡವ್ವ."

"ಅದು ಅಭಿಮಾನ ಕಣೇ. ಹಾಗೇ ಇರುತ್ತೆ."

ಸುಳ್ಳು ಯಾಕೆ ಹೇಳಲಿ, ದುರುಗಿಗೆ ಖುಷಿಯಾಗಿತ್ತು. ಅವಳು ಹೋದಲ್ಲೆಲ್ಲ ಘಮ್ಮೆಂದು ಪರಿಮಳ ಹರಡುತ್ತಿತ್ತು, ಮರಿಗಳು ದಾರಿ ಬಿಡುತ್ತಿದ್ದವು. ಒಂಬತ್ತು ಮಂದಿಯನ್ನು ಎಳೆಯುವಾಗ ಅವಳ ಸೊಂಟಕ್ಕೂ ಪೆಟ್ಟಾಗಿತ್ತು. ಸಮಾರಂಭದ ಸಡಗರದಲ್ಲಿ ಯಾರೂ ಕೇಳಲಿಲ್ಲ. ಇಷ್ಟೊಂದು ಮರ್ಯಾದೆ ಪಡೆದವಳು ನೋವೆಂದರೆ ಏನೆಂದುಕೊಂಡಾರು ಎಂದು ಅವಳೂ ಹಲ್ಲು ಕಚ್ಚಿ ಸುಮ್ಮನಿದ್ದಳು.

ಮುಂದಿನ ದಂಡಿನಲ್ಲಿ ಅವಳನ್ನೇ ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಗೆದ್ದಲುಗಳು ಅವಳ ಮೂರು ಕಾಲು ಕತ್ತರಿಸಿದವು. ತೆವಳಿಕೊಂಡು ದಾರಿಯ ಪಕ್ಕದ ತರಗೆಲೆಯ ಅಡಿಯ ತನಕ ಬಂದಳು, ಅಲ್ಲಿಂದ ಮುಂದಕ್ಕೆ ಆಗಲಿಲ್ಲ.

ದಂಡು ಹಿಂದಿರುಗತೊಡಗಿತು. "ದುರುಗಕ್ಕನ ಪರಿಮಳ ಬರ್ತಿದೆ. ಅಕ್ಕ ಹಿಂದೆ ಕಾವಲಿದ್ದಾಳೆ, ಹೆದರಬೇಡಿ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಅವಳ ಪಕ್ಕದಲ್ಲೇ ಹಾದುಹೋದರು. ಕೂಗಲು ದುರುಗಿಗೆ ನಾಚಿಕೆಯಾಯಿತು. ನೂರಾರು ಮಂದಿ ಹೋದ ಮೇಲೆ ನಾಚಿಕೆ ಹೋಗಿ ಭಯ ಬಂತು. ಸಾಲಿನ ಕೊನೆಯಲ್ಲಿ ಸಿಂಗಿ ಬರುತ್ತಿದ್ದಳು.

"ಸಿಂಗಿ, ನನ್ನ ಕಾಲು ಹೋಗಿದೆ. ಹೊತ್ತುಕೊಂಡು ಹೋಗೇ."

ತರಗೆಲೆಯ ಅಡಿಯ ಕತ್ತಲಲ್ಲಿ ಕಾಲು ಕಾಣದೆ ಸಿಂಗಿ ಮೀಸೆ ಆಡಿಸಿ ಮೂಸಿದಳು. ಹಾಲುಮಡ್ಡಿ ಬಿಟ್ಟು ಬೇರೇನೂ ಬರಲಿಲ್ಲ. ಒಂಬತ್ತು ಬೊಟ್ಟಿನ ಕೆಳಗೆ ಹುಳಿ ವಾಸನೆ ಉಸಿರುಗಟ್ಟಿ ಕೂತಿತ್ತು.

"ನನ್ನನ್ನು ಪರೀಕ್ಷೆ ಮಾಡ್ತಿದ್ದೀಯಾ ಅಕ್ಕ?" ಎಂದು ಸಿಂಗಿ ನಕ್ಕಳು. "ಗಾಯವಾಗಿದ್ದರೆ ವಾಸನೆ ಬರುತ್ತಿರಲಿಲ್ಲವಾ? ನಿನಗೆ ಯಾರು ಏನು ಮಾಡಿಯಾರು?"

"ನಿಜ ಕಣೇ. ನೋಯ್ತಿದೆ."

"ಕಟ್ಟಳೆ ಯಾಕೆ ಮುರಿದೆ ಅಂತ ಆಮೇಲೆ ಬೈಯೋಕಲ್ವಾ? ಬೇಗ ಬಾ, ಕಾಯ್ತಿರ್ತೀವಿ" ಎಂದು ಸಿಂಗಿ ಹೊರಟೇ ಹೋದಳು. ದುರುಗಿ ಹಲ್ಲಿನಿಂದ ಬೊಟ್ಟುಗಳನ್ನು ಕೆರೆದಳು. ಅಂಟು ಕಲ್ಲಾಗಿತ್ತು, ಒಂದು ಚೂರೂ ಏಳಲಿಲ್ಲ. ತನ್ನವರ ಕಾಲ ಸಪ್ಪಳ ದೂರವಾಯಿತು. ಹುತ್ತದ ಕಡೆಯಿಂದ ಬೇರೆ ಸಪ್ಪಳ ಹತ್ತಿರವಾಯಿತು. ಇನ್ನು ಯಾರೂ ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು.

ಮರುದಿನ ಬೆಳಿಗ್ಗೆ ಹುಡುಕಿ ಬಂದವರಿಗೆ ಸಿಕ್ಕಿದ್ದು ಎದೆಯ ಭಾಗ ಮಾತ್ರ. ಅದು ಇನ್ನೂ ಘಮಘಮಿಸುತ್ತಿತ್ತು.

"ಎಂಥಾ ಸಾವು" ಎಂದಳು ದೊಡ್ಡವ್ವ. "ಅಂಟು ತನ್ನಿ, ಹತ್ತನೆಯ ಬೊಟ್ಟು ಇಡೋಣ."

"ಹೊತ್ತುಕೊಂಡು ಹೋಗೇ ಅಂದಿದ್ದಳು ದೊಡ್ಡವ್ವ. ನಾನು ನಗ್ತಾ ಬಂದೆ" ಎಂದಳು ಸಿಂಗಿ.

ಯಾರೂ ಅವಳ ಕಡೆ ತಿರುಗಲಿಲ್ಲ. ಎಲ್ಲರೂ ಅಂಟು ತರಲು ಮರ ಹತ್ತುತ್ತಿದ್ದರು.

ನೀತಿ: ಧೈರ್ಯವಂತರ ಎದೆಗೆ ಪದಕ ಹಾಕಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ, ಅವರು ನೋವೆಂದಾಗ ನಂಬಬೇಕು.