ಕಂಟ್ರಾಕ್ಟರನ ಮೀಸೆ

"ನಮ್ಮ ಹೊಲದ ಹೊಂಗೆಮರದ ಕೆಳಗೇ ಮಣ್ಣು ಮಾಡಿ. ಅಲ್ಲಿಂದ ಕದಲಿಸಬೇಡಿ." ನನ್ನ ಹೆಂಡತಿ ಕೆಂಪಸಿದ್ದಮ್ಮ ಕೊನೆಗೆ ಹೇಳಿದ್ದು ಇಷ್ಟೇ. ಹಾಗೇ ಮಾಡಿದೆ.

ಆಮೇಲೆ ಹೊಲಕ್ಕೆ ಬೋರ್ ಕೊರೆಸಬೇಕಾಯಿತು. ಕಂಟ್ರಾಕ್ಟರ್ ಮುದ್ದುವೀರಪ್ಪನನ್ನು ಕರೆಸಿದೆ. ಕಿವಿವರೆಗೂ ಮೀಸೆ ಅವನಿಗೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನೀರು ನೋಡುತ್ತಾ ಹೊಲ ಸುತ್ತಿದ. ಕಾಯಿ ಎದ್ದು ನಿಂತಿದ್ದು ಅವಳ ಸಮಾಧಿ ಹತ್ತಿರ. ಬೋರ್ ಲಾರಿ ನಿಲ್ಲಿಸೋಕೂ ಅದೇ ಸಲೀಸಾದ ಜಾಗ.

"ನೀರು ಇಲ್ಲೇ ಇರೋದು. ಈ ಸಮಾಧಿ ಆಚೆ ಸಾಗಿಸು. ಆಗಲ್ಲ ಅಂದ್ರೆ ಲಾರಿ ವಾಪಸ್ಸು. ನನ್ನ ಬಿಟ್ಟು ಈ ಕಡೆ ಯಾರು ಬರ್ತಾರೋ ನೋಡ್ತೀನಿ" ಅಂದ.

ನಾನು ಅವನ ಮೀಸೆ ಕಡೆ ನೋಡಿದೆ.

"ಆಗಲಿ ಯಜಮಾನ್ರೇ. ನಮಗೆ ಮಕ್ಕಳಿಲ್ಲ. ಅವಳನ್ನ ಕದಲಿಸು ಅಂದೋರೇ ಅವಳಿಗೆ ಮಗ. ತಲೆ, ಮೀಸೆ ಬೋಳಿಸ್ಕೊಂಡು ತಿಥಿ ಮಾಡಬೇಕು. ಕ್ಷೌರದವನಿಗೆ ಹೇಳಿಕಳಿಸ್ಲಾ?"

ಅವನ ಕೈ ಮೀಸೆಗೆ ಹೋಯಿತು.

"ಲಾರಿ ಕೆಲಸ?"

"ಸೂತಕ ಅಲ್ವಾ? ತಿಥಿ ಮುಗಿಯೋವರೆಗೂ ಲಾರಿ ಮುಟ್ಟೋ ಹಾಗಿಲ್ಲ."

ಅವನು ಕಾಯಿ ಹಿಡಿದು ಬೇಲಿ ಕಡೆ ನಡೆದ. ಅಲ್ಲಿ ಕಾಯಿ ತಡಮಾಡದೆ ಎದ್ದು ನಿಂತಿತು. ಸಂಜೆಗೆ ನೀರೂ ಬಂತು.

ಹೊರಡೋವಾಗ ಕೇಳಿದ, "ಅದು ಯಾವೂರ ಪದ್ಧತಿನಯ್ಯಾ?"

"ನಮ್ಮನೇದು. ಇವತ್ತಿಂದ" ಅಂದೆ.

ಅವನ ಆಳುಗಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಬೋರಿನ ಹತ್ತಿರ ನಿಂತು, "ಇವಳೇ, ನೀರು ಬಂದಿದೆ, ಕೊಡ ತಗೊಂಡು ಬಾರೇ" ಅಂತ ಮನೆ ಕಡೆಗೆ ಕೂಗಿದೆ. ಆಮೇಲೆ ನಾನೇ ಹೋಗಿ ಕೊಡ ತಂದೆ.